ನಲವತ್ತೊಂದರ ಹಾಜರಿ

ಜನವರಿ 28, ಮಂಗಳವಾರ

ಒಲೆ ಆಫ್ ಮಾಡಿದೆನಾ ಎಂದು ನೋಡಲು ಮತ್ತೆ ಕಿಚನ್‌ಗೆ ಹೋದೆ. ಆಫ್ ಆಗಿತ್ತು. ರೂಮಿಗೆ ಬಂದು ಕೂತೆ. ಮತ್ತೆ ಹೋದೆ. ನಮ್ಮ ಫ್ಲೋರಿನ ಪೋಲಿಷ್ ಹುಡುಗಿ ಮೊದಲೆಲ್ಲ ನಗುತ್ತಿದ್ದಳು. ಈಗ ಅದೂ ಇಲ್ಲ.

ಮುಂದಿನ ವಾರ ಮ್ಯಾಥ್ಸ್. ಲೆಕ್ಕ ಬರುತ್ತದೆ. ಪ್ರಶ್ನೆಪತ್ರಿಕೆ ತಿರುಗಿಸುವ ಹೊತ್ತಿಗೆ ಎದೆ ಬಡಿತ ಕಿವಿಯಲ್ಲಿ ಕೇಳಿಸಲು ಶುರುವಾಗುತ್ತದೆ, ಅದೇ ತೊಂದರೆ. ಅಮ್ಮ ಫೋನ್ ಮಾಡಿದ್ದಳು. ಎಲ್ಲ ಫೈನ್ ಎಂದೆ. ಕನ್ನಡದಲ್ಲಿ ಸುಳ್ಳು ಹೇಳುವುದು ಕಷ್ಟ, ಅದಕ್ಕೇ ಫೈನ್.

ಸುಹೈಲ್ ಬಂದ. ಬಾಗಿಲು ತಟ್ಟುವ ಅಭ್ಯಾಸ ಮಧುಗಿರಿಯ ಹಾಸ್ಟೆಲಿನಲ್ಲಿ ಇರಲಿಲ್ಲ, ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದಮೇಲೂ ಬಂದಿಲ್ಲ. ನೇರ ನನ್ನ ಮಂಚದ ಮೇಲೆ, ಶೂ ಸಮೇತ.

"ಎಕ್ಸಾಂ ಮುಗೀಲಿ ಮಗಾ. ಸ್ಕೀ ಟೂರ್ ಹೋಗಣ. ನೀನು, ನಾನು, ಅಷ್ಟೇ."

"ನಂಗೆ ಸ್ಕೀ ಎಲ್ಲಿ ಬರುತ್ತೆ."

"ಎರಡು ವೀಕೆಂಡ್ ಕಲ್ತಿದೀಯಲ್ಲ. ಬೀಳೋದು ಫಸ್ಟ್ ಕ್ಲಾಸ್ ಬರುತ್ತೆ ನಿಂಗೆ. ಇದ್ರಲ್ಲಿ ಹತ್ತೋದೇ ಜಾಸ್ತಿ. ಮಧುಗಿರಿ ಬೆಟ್ಟ ಹವಾಯಿ ಚಪ್ಪಲೀಲಿ ಹತ್ತಿದೋರು ಕಣೋ ನಾವು."

ಲಿಫ್ಟ್ ಇಲ್ಲದ ಕಡೆ ಹೋಗುವುದಂತೆ. ಸ್ಕೀ ತಳಕ್ಕೆ ಸ್ಕಿನ್ ಎಂಬ ಒರಟು ಪಟ್ಟಿ ಅಂಟಿಸಿಕೊಂಡು ನಡೆದೇ ಹತ್ತುವುದು. ಮೇಲೆ ಹ್ಯುಟ್ಟೆಯಲ್ಲಿ, ಅಂದರೆ ಬೆಟ್ಟದ ತಂಗುಮನೆಯಲ್ಲಿ, ರಾತ್ರಿ ಉಳಿದು ಬೆಳಿಗ್ಗೆ ಪಟ್ಟಿ ಕಿತ್ತು ಜಾರಿ ಇಳಿಯುವುದು. ನನಗಿಂತ ಒಂದು ವರ್ಷ ಮೊದಲು ಬಂದವನು, ಹೋದ ಚಳಿಗಾಲ ನಾಲ್ಕೈದು ಸಲ ಹೋಗಿದ್ದಾನೆ.

ನೋಡೋಣ ಎಂದೆ. ನನ್ನ ನೋಡೋಣಕ್ಕೆ ಹೂಂ ಎಂದು ಅರ್ಥ ಎಂಬುದು ಅವನಿಗೆ ಆರನೇ ಕ್ಲಾಸಿನಿಂದ ಗೊತ್ತು.

ಫೆಬ್ರವರಿ 2, ಭಾನುವಾರ

ನೌಶೀನ್ ಅಕ್ಕನ ಮನೆಯಲ್ಲಿ ಊಟ. ಸುಹೈಲನ ಅಕ್ಕ. ಇಲ್ಲಿನ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಅವಳ ಮಗಳು ಇನಾಯಾ ನಮ್ಮ ಕನ್ನಡಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರ ಕೊಡುತ್ತಾಳೆ.

ಊಟ ಮುಗಿದ ಮೇಲೆ ಸುಹೈಲ್ ಹಾಜರಿ ಕಥೆ ತೆಗೆದ. ನಮ್ಮ ವಾರ್ಡನ್ ಹನುಮಂತರಾಯ ಸರ್ ರಾತ್ರಿ ಊಟದ ನಂತರ ನಂಬರು ಕರೆಯುತ್ತಿದ್ದರು. ಹೆಸರಿಲ್ಲ, ನಂಬರು. ತಲೆ ಎತ್ತುತ್ತಿರಲಿಲ್ಲ, ಮೂಗಿನಲ್ಲೇ ಕರೆಯುವುದು. ಅವನದು ನಲವತ್ತೊಂದು, ನನ್ನದು ನಲವತ್ತೆರಡು. ಉತ್ತರ ಒಂದೇ... ಎಸ್ಸಾರ್. ಅವನು ಆ ಹೊತ್ತಿಗೆ ಕಾಂಪೌಂಡ್ ಹಾರಿ ಬಸ್‌ಸ್ಟ್ಯಾಂಡಿನ ಹಿಂದೆ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಬೈಕ್ ಬಿಚ್ಚುತ್ತಿರುತ್ತಿದ್ದ. ನಲವತ್ತೊಂದಕ್ಕೂ ನಾನೇ ಎಸ್ಸಾರ್ ಅನ್ನುತ್ತಿದ್ದೆ. ಅವನ ಧ್ವನಿಯಲ್ಲಿ. ಒಡೆದ ಧ್ವನಿ, ಗಂಟಲ ತಳದಿಂದ. ತಕ್ಷಣ ನಲವತ್ತೆರಡಕ್ಕೆ ನನ್ನ ಧ್ವನಿ. ಒಂದು ರಾತ್ರಿಯೂ ಸಿಕ್ಕಿಬೀಳಲಿಲ್ಲ.

"ಮಾಡ್ ತೋರ್ಸೋ," ಎಂದಳು ಅಕ್ಕ.

ಹನುಮಂತರಾಯರ ಮೂಗಿನ ಧ್ವನಿ ಮಾಡಿದೆ. ಇನಾಯಾ ಬಿದ್ದು ಬಿದ್ದು ನಕ್ಕಳು. "ನೊಖ್ ಮಾಲ್, ನೊಖ್ ಮಾಲ್." ಇನ್ನೊಮ್ಮೆ ಮಾಡಿದೆ. ಸುಹೈಲನ ಧ್ವನಿ ಮಾತ್ರ ಬರಲಿಲ್ಲ. ಪ್ರಯತ್ನಪಟ್ಟೆ, ಬರೀ ಕೆಮ್ಮು.

"ನಾನಿದ್ರೆ ಬರಲ್ಲ ಅವನಿಗೆ," ಎಂದ ಸುಹೈಲ್. "ನಾನು ಇಲ್ದಿದ್ರೇನೇ ಬರೋದು."

ನಿಜ. ಹೇಗೆ ಎಂದು ನನಗೂ ಗೊತ್ತಿಲ್ಲ. ಬೇಕೆಂದು ಮಾಡುವುದಲ್ಲ. ನಂಬರು ಕರೆದರೆ, ಪಕ್ಕದ ಚಾಪೆ ಖಾಲಿ ಇದ್ದರೆ, ತಾನಾಗಿ ಬರುತ್ತಿತ್ತು.

ಒಂದು ಸಲ ನನಗೆ ಟಾನ್ಸಿಲ್. ಧ್ವನಿಯೇ ಇಲ್ಲ. ಅವನಿಗೆ ಹೇಳಲೂ ಆಗಿರಲಿಲ್ಲ. ಅವತ್ತು ಮೂವತ್ತು ಚಿಲ್ಲರೆ ನಂಬರು ಕರೆಯುವಾಗ ಗೋಡೆ ಹಾರಿದ ಸದ್ದು. ಓಡಿ ಬಂದು ಕೂತ, ಕೈಯೆಲ್ಲ ಗ್ರೀಸ್. ಹೇಗೆ ಗೊತ್ತಾಯಿತೋ ಎಂದು ಕೇಳಿದರೆ, "ಇವತ್ತು ನೀನು ಹೇಳಲ್ಲ ಅನ್ನಿಸ್ತು" ಎಂದಿದ್ದ. ಅದೊಂದೇ ರಾತ್ರಿ ಅವನು ಹಾಜರಿಗೆ ಬಂದದ್ದು.

ಫೆಬ್ರವರಿ 14, ಶುಕ್ರವಾರ

ಪರೀಕ್ಷೆ ಮುಗಿಯಿತು. ಪಾಸ್ ಆಗಬಹುದು. ಆಗದಿರಬಹುದು.

ನಾಳೆ ಟೂರ್. ಫೋರ್‌ಕಾಸ್ಟ್ ನೋಡಿದೆ. ಮಧ್ಯಾಹ್ನದ ನಂತರ ಹಿಮ, ಮೇಲೆ ಗಾಳಿ. ಬೇರೆ ಆ್ಯಪ್ ನೋಡಿದೆ. ಅದೂ ಅದೇ. ಅವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ವಾಪಸ್ ವಾಯ್ಸ್ ಮೆಸೇಜ್ -- "ಗುರು, ಮಧ್ಯಾಹ್ನದೊಳಗೆ ಮೇಲಿರ್ತೀವಿ. ಗಾಳಿ ಬರೋವಾಗ ನೀನು ಮ್ಯಾಗಿ ತಿಂತಿರ್ತೀಯ."

ಬೇಡ ಎನ್ನಬೇಕೆಂದು ಟೈಪ್ ಮಾಡಿದೆ. ಅಳಿಸಿದೆ. ಎಕ್ಸ್‌ಟ್ರಾ ಸಾಕ್ಸ್ ಇಟ್ಟುಕೊಂಡೆ.

ಫೆಬ್ರವರಿ 15, ಶನಿವಾರ, ಟ್ರೇನಿನಲ್ಲಿ

ಮ್ಯೂನಿಕ್ ಟ್ರೇನ್ ಮಿಸ್ ಆಗಲಿಲ್ಲ, ಅಲ್ಲಿಂದ ಮುಂದಿನ ಕನೆಕ್ಷನ್ ಮಿಸ್ ಆಯಿತು. ಮುಂದಿನ ಟ್ರೇನಿಗೆ ಕಾದೆವು. ಈಗ ಬೆಟ್ಟದ ಬುಡದ ಊರು ಬಾಯ್ರಿಷ್‌ಝೆಲ್ ಕಡೆಗೆ. ಸುಹೈಲ್ ಬಾಯಿ ತೆರೆದು ನಿದ್ದೆ. ಹೊರಗೆ ಬಿಸಿಲಿದೆ. ಬಿಸಿಲು ನೋಡಿದರೂ ಭಯವಾಗುತ್ತಿದೆ, ನನ್ನದೊಂದು ರೋಗ.

ಎದೆಗೆ ಬೀಪರ್ ಕಟ್ಟಿಕೊಂಡಿದ್ದೇವೆ. ಹಿಮದಡಿ ಸಿಕ್ಕಿಕೊಂಡರೆ ಇದರ ಸಿಗ್ನಲ್ ಹಿಡಿದು ಹುಡುಕುತ್ತಾರೆ. ಆದರೆ ಹತ್ತಿರ ಬಂದರೆ ಮಾತ್ರ, ಐವತ್ತು ಮೀಟರ್ ಆಚೆ ಅದು ಮೂಕ. ಅವನು ಚೆಕ್ ಮಾಡುವಾಗ ಅಂದ -- "ನೋಡು, ಯಾರೂ ಕರೀದೇ ಇದ್ರೂ ಎಸ್ಸಾರ್ ಎಸ್ಸಾರ್ ಅಂತಾನೇ ಇರುತ್ತೆ. ನಿನ್ ಥರ."

ಫೆಬ್ರವರಿ 15, ಸಂಜೆ, ಹ್ಯುಟ್ಟೆ

ಅವನು ಇನ್ನೂ ಬಂದಿಲ್ಲ.

ಪೆನ್ನು ಹೆಪ್ಪುಗಟ್ಟಿದೆ. ಪೆನ್ಸಿಲ್. ಕ್ರಮವಾಗಿ ಬರೆಯುತ್ತೇನೆ, ಹುಡುಕುವವರು ಬಂದರೆ ಕೇಳುತ್ತಾರೆ.

ತಡವಾಗಿ ಹೊರಟೆವು. ಕಾಡಿನ ದಾರಿಯವರೆಗೆ ಚೆನ್ನಾಗಿತ್ತು. ಅವನು ಹಾಡುತ್ತಿದ್ದ. ತೊರೆಯ ಸೇತುವೆ ದಾಟುವಾಗ ಹಿಮ ಶುರು. ಹಿಂದೆ ಹೋಗೋಣವಾ ಎಂದೆ. "ಅರ್ಧಕ್ಕಿಂತ ಜಾಸ್ತಿ ಬಂದಿದೀವಿ ಕಣೋ. ಕೆಳಗಿಳಿದು ಏನ್ ಮಾಡ್ತೀಯ, ಸ್ಟೇಷನ್‌ನಲ್ಲಿ ಮಲಗ್ತೀಯಾ?"

ನಿಧಾನದವನು ಮುಂದೆ ಎಂಬುದು ಇಲ್ಲಿನ ನಿಯಮವಂತೆ. ನಾನು ಮುಂದೆ, ಫೋನಿನಲ್ಲಿ ದಾರಿಯ ಗೆರೆ ನೋಡಿಕೊಂಡು. ಅವನು ಹಿಂದೆ, ನನ್ನ ಮೇಲೆ ಕಣ್ಣಿಟ್ಟು.

ಮರಗಳು ಮುಗಿದ ಮೇಲೆ ಎಲ್ಲ ಬಿಳಿ. ನೆಲ ಬಿಳಿ, ಆಕಾಶ ಬಿಳಿ, ಮಧ್ಯೆ ಗೆರೆಯೇ ಇಲ್ಲ. ನನ್ನ ಸ್ಕೀ ತುದಿಯೂ ಕಾಣುತ್ತಿರಲಿಲ್ಲ. ತಿರುಗಿ ನೋಡಿದರೆ ಅವನ ಕೆಂಪು ಜಾಕೆಟ್ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ. ಉಸಿರು ಸಿಕ್ಕಿಕೊಳ್ಳಲು ಶುರುವಾಯಿತು. ಆಗ ಅವನೇ ಹೇಳಿದ -- "ಲೋ, ಹಾಜರಿ ತಗೋ. ನೀನು ಹನುಮಂತರಾಯ."

ಕರೆದೆ. ನಲವತ್ತೊಂದು.

"ಎಸ್ಸಾರ್. ಇವತ್ತು ಮುದ್ದೆಗೆ ಏನ್ ಸಾರ್ ಸಾರು?"

ನಕ್ಕುಬಿಟ್ಟೆ. ಉಸಿರು ಸರಿಹೋಯಿತು. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಕರೆದೆ. "ಎಸ್ಸಾರ್, ಬೇಗ ನಡೀರಿ ಸಾರ್, ಅಂಡು ಹೆಪ್ಪುಗಟ್ತಾ ಇದೆ." "ಎಸ್ಸಾರ್, ನಲವತ್ತೆರಡು ಅಳ್ತಾ ಇದಾನೆ ಸಾರ್."

ಬೇಸಿಗೆಯಲ್ಲಿ ಹಸು ಕಟ್ಟುವ ಒಂದು ಕೊಟ್ಟಿಗೆ ಸಿಕ್ಕಿತು, ಬೀಗ ಹಾಕಿತ್ತು. ಗೋಡೆಯ ಮರೆಯಲ್ಲಿ ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡಲಾರೆ ಅನ್ನಿಸಿತು. ಅಲ್ಲಿಂದ ಬಯಲು ಇಳಿಜಾರು. ಗಾಳಿ ಮುಖಕ್ಕೇ. ಹುಡ್ ಕಟ್ಟಿಕೊಂಡು ತಲೆ ತಗ್ಗಿಸಿ ನಡೆದೆ. ಕರೆದೆ, ಉತ್ತರ ಬಂತು. ಕರೆದೆ, ಬಂತು. ಅಷ್ಟು ಗಾಳಿಯಲ್ಲೂ ಎಷ್ಟು ಹತ್ತಿರ ಕೇಳಿಸುತ್ತಿತ್ತು ಎಂದರೆ ಹುಡ್‌ನೊಳಗೇ ಇದ್ದಾನೇನೋ ಅನ್ನುವಷ್ಟು. ಅದೇ ಧೈರ್ಯ. ಇಲ್ಲದಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ.

ಮರದ ಶಿಲುಬೆ ಸಿಕ್ಕಿತು. ಆಮೇಲೆ ಹ್ಯುಟ್ಟೆಯ ಗೋಡೆ. ಚಳಿಗಾಲಕ್ಕೆ ಬೀಗ ಹಾಕದೆ ಬಿಡುವ ಒಂದು ಕೋಣೆ ಇದೆ, ಅದರ ಬಾಗಿಲು ತೆಗೆದೆ. ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ಕರೆದೆ. ನಲವತ್ತೊಂದು.

"ಎಸ್ಸಾರ್."

ಬಾಗಿಲು ತೆರೆದು ಹಿಡಿದುಕೊಂಡು ನಿಂತೆ. ಹಿಮ ಒಳಗೆ ಬಂತು. ಅವನು ಬರಲಿಲ್ಲ.

ಫೆಬ್ರವರಿ 15, ಇನ್ನೂ ಸಂಜೆ

ಕಿಟಕಿಯ ಮೂಲೆಯಲ್ಲಿ ಮಾತ್ರ ಸಿಗ್ನಲ್. ಒನ್ ಒನ್ ಟೂ ಮಾಡಿದೆ. ಬೆರ್ಗ್‌ವಾಖ್ಟ್ ಬರುತ್ತದಂತೆ, ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವವರು. ಹೊರಗೆ ಹೋಗಬೇಡ ಎಂದರು. ಕೊನೆಗೆ ಎಲ್ಲಿ ಅವನ ಧ್ವನಿ ಕೇಳಿಸಿತು? ಶಿಲುಬೆಯ ಹತ್ತಿರ, ಇಲ್ಲಿಂದ ಕೂಗಳತೆ ಎಂದೆ. ಖಂಡಿತವಾ? ಖಂಡಿತ.

ಒಲೆ ಹೊತ್ತಿಸಿದೆ. ಹೊಗೆ ಕಂಡರೆ ಬರಬಹುದು. ಗಂಟಲು ಕೆರೆಯುತ್ತಿದೆ, ಇಷ್ಟು ಕೂಗಿದ್ದಕ್ಕೋ ಏನೋ.

ಮತ್ತೆ ಬಾಗಿಲಿಗೆ ಹೋಗಿ ಕರೆದೆ.

ಉತ್ತರ ಬರುತ್ತದೆ. ಪ್ರತಿ ಸಲ ಬರುತ್ತದೆ. ಅವನು ಗೋಡೆಯ ಆಚೆಯೇ ಇದ್ದಾನೆ. ಗೋಡೆ ಹಿಡಿದುಕೊಂಡೇ ಹ್ಯುಟ್ಟೆ ಸುತ್ತಿ ಬಂದೆ. ಯಾರೂ ಇಲ್ಲ. ಹೆಜ್ಜೆಯೂ ಇಲ್ಲ.

ಕರೆಯುವುದು ನಿಲ್ಲಿಸಲು ಭಯ. ಕರೆಯಲೂ ಭಯ.

ಫೆಬ್ರವರಿ 16, ಭಾನುವಾರ ಬೆಳಿಗ್ಗೆ

ಅವರು ಬಂದರು. ಹೆಡ್‌ಲ್ಯಾಂಪ್, ನಾಯಿ. ಶಿಲುಬೆಯ ಸುತ್ತ, ಹ್ಯುಟ್ಟೆಯ ಹಿಂದಿನ ಕಣಿವೆಯಲ್ಲಿ, ಗಾಳಿ ಅವರನ್ನೇ ತಡೆದು ನಿಲ್ಲಿಸುವವರೆಗೆ ಹುಡುಕಿದರು. ಬೀಪರ್ ಸಿಗ್ನಲ್ ಇಲ್ಲ. ಬೆಳಕು ಹರಿಯುವಾಗ ಮತ್ತೆ. ಹೆಲಿಕಾಪ್ಟರ್ ಈ ಮೋಡದಲ್ಲಿ ಆಗುವುದಿಲ್ಲವಂತೆ. ನನ್ನನ್ನು ಕೆಳಗೆ ಕರೆದುಕೊಂಡು ಬಂದರು.

ನೌಶೀನ್ ಅಕ್ಕ ಬಂದಿದ್ದಾಳೆ, ಕಾರಿನಲ್ಲಿ, ಒಬ್ಬಳೇ. ನನ್ನನ್ನು ತಬ್ಬಿಕೊಂಡಳು. "ಧ್ವನಿ ಕೇಳಿಸ್ತಂತಲ್ಲ. ಹ್ಯುಟ್ಟೆ ಹತ್ರಾನೇ. ಹಂಗಾದ್ರೆ ಸಿಗ್ತಾನೆ. ಅಲ್ವಾ?"

ಹೂಂ ಎಂದೆ.

ಫೆಬ್ರವರಿ 17, ಸೋಮವಾರ

ನಿನ್ನೆ ಬೆಳಿಗ್ಗೆಯ ನಂತರ ಬರೆಯಲಾಗಲಿಲ್ಲ. ಈಗ ಬರೆಯಬೇಕು.

ನಿನ್ನೆ ಮಧ್ಯಾಹ್ನ. ಕಣಿವೆಯಲ್ಲಿ ಅವರ ಸ್ಟೇಷನ್. ಮೇಜಿನ ಮೇಲೆ ಮ್ಯಾಪ್. ಟೀಮಿನ ಮುಖ್ಯಸ್ಥ ಶ್ಟೆಫಾನ್, ದೊಡ್ಡ ಕೈಗಳು, ನಿಧಾನದ ಇಂಗ್ಲಿಷ್. ಶಿಲುಬೆಯ ಸುತ್ತ ಎಲ್ಲ ಆಯಿತು, ಸಿಗ್ನಲ್ ಇಲ್ಲ ಎಂದ. ಇನ್ನೊಮ್ಮೆ ಹೇಳು. ಏನು ಕೂಗಿದೆ, ಅವನು ಏನೆಂದ, ಎಷ್ಟು ದೂರದಿಂದ. ಹೇಳಬೇಡ, ಮಾಡಿ ತೋರಿಸು.

ಅಕ್ಕ ಕಿಟಕಿಯ ಹತ್ತಿರ, ನಮಗೆ ಬೆನ್ನು ಮಾಡಿ, ತನ್ನ ಅಮ್ಮನ ಜೊತೆ ಫೋನಿನಲ್ಲಿದ್ದಳು. ಸಿಕ್ತಾನೆ ಅಮ್ಮಿ, ಸಿಕ್ತಾನೆ ಎನ್ನುತ್ತಿದ್ದಳು.

ಹನುಮಂತರಾಯರ ಹಾಗೇ ಕರೆದೆ. ನಲವತ್ತೊಂದು.

"ಎಸ್ಸಾರ್."

ಅಕ್ಕ ಗಿರಕ್ಕನೆ ತಿರುಗಿದಳು. ಮುಖದಲ್ಲಿ ಅಷ್ಟು ಬೆಳಕು ನಾನು ಯಾವತ್ತೂ ನೋಡಿಲ್ಲ. "ಸುಹೈಲ್..." ಎಂದು ಬಾಗಿಲ ಕಡೆ ನೋಡಿದಳು. ಬಾಗಿಲು ಮುಚ್ಚಿತ್ತು. ನಾನೂ ಬಾಗಿಲ ಕಡೆಯೇ ನೋಡುತ್ತಿದ್ದೆ. ನಾನೂ ಅವನಿಗಾಗಿಯೇ ನೋಡುತ್ತಿದ್ದೆ. ಶ್ಟೆಫಾನ್ ಮಾತ್ರ ಬಾಗಿಲು ನೋಡಲಿಲ್ಲ. ನನ್ನ ಬಾಯಿ ನೋಡುತ್ತಿದ್ದ.

ಅಕ್ಕ ಫೋನ್ ಕೆಳಗಿಟ್ಟು ಹತ್ತಿರ ಬಂದಳು. ಎರಡು ಬೆರಳು ನನ್ನ ಗಂಟಲ ಮೇಲಿಟ್ಟಳು. ತಣ್ಣಗಿದ್ದವು.

"ಇನ್ನೊಂದ್ ಸಲ ಕರಿ."

"ಅಕ್ಕಾ..."

"ಕರಿಯೋ."

ಕರೆದೆ. ಉತ್ತರ ಬಂತು. ಅವಳ ಬೆರಳ ಕೆಳಗೆ ನನ್ನ ಗಂಟಲು ನಡುಗಿತು.

"ನೀನೇ," ಎಂದಳು. ಬೈಯಲಿಲ್ಲ. ಅಷ್ಟೇ ಹೇಳಿದಳು. ಮೇಜಿನ ಮೇಲೆ ಫೋನಿನಿಂದ ಅವಳ ಅಮ್ಮನ ಧ್ವನಿ ಇನ್ನೂ ಬರುತ್ತಿತ್ತು -- ಅವನೇ ಅಲ್ವಾ, ಈಗ ಮಾತಾಡಿದ್ದು ಅವನೇ ಅಲ್ವಾ, ಅವನಿಗೆ ಫೋನ್ ಕೊಡು ನೌಶಿ.

ಶ್ಟೆಫಾನ್‌ಗೆ ಹೇಳಬೇಕಿತ್ತು. ಇಂಗ್ಲಿಷ್ ಬರಲಿಲ್ಲ, ಜರ್ಮನ್ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅಕ್ಕನೇ ಹೇಳಿದಳು, ಜರ್ಮನ್‌ನಲ್ಲಿ, ಆಫೀಸಿನಲ್ಲಿ ಮಷೀನ್ ಕೆಟ್ಟದ್ದು ವಿವರಿಸುವ ಹಾಗೆ. ಹಾಸ್ಟೆಲಿನಲ್ಲಿ ಇವನು ತಮ್ಮನ ಬದಲಿಗೆ ಉತ್ತರ ಕೊಡುತ್ತಿದ್ದ. ವರ್ಷಗಟ್ಟಲೆ. ಬೆಟ್ಟದ ಮೇಲೂ ಇವನೇ ಕೊಟ್ಟಿದ್ದಾನೆ. ಇವನಿಗೇ ಗೊತ್ತಾಗಿಲ್ಲ.

ಶ್ಟೆಫಾನ್ ನಗಲಿಲ್ಲ. ಮ್ಯಾಪ್ ನನ್ನ ಕಡೆ ತಿರುಗಿಸಿದ. ಹಾಗಾದರೆ ಕೊನೆಗೆ ನಿಜವಾಗಿ ಅವನೇ ಮಾತಾಡಿದ್ದು ಎಲ್ಲಿ?

ಕಣ್ಣು ಮುಚ್ಚಿ ಮತ್ತೆ ಹತ್ತಿದೆ. ಸೇತುವೆ. ಮುದ್ದೆಗೆ ಏನ್ ಸಾರು. ಅಂಡು ಹೆಪ್ಪುಗಟ್ತಾ ಇದೆ. ನಲವತ್ತೆರಡು ಅಳ್ತಾ ಇದಾನೆ... ಆಗ ಗೊತ್ತಾಯಿತು. ಕೊಟ್ಟಿಗೆ ದಾಟಿದ ಮೇಲೆ ಬರೀ ಎಸ್ಸಾರ್. ಒಂದು ಜೋಕಿಲ್ಲ, ಒಂದು ಬೈಗುಳವಿಲ್ಲ. ಸುಹೈಲ್ ಒಂದೇ ಮಾತಿಗೆ ಯಾವತ್ತಾದರೂ ನಿಲ್ಲಿಸಿದ್ದಾನಾ. ಪ್ರಾಕ್ಸಿಗೆ, ಬದಲಿ ಹಾಜರಿ ಹೇಳುವವನಿಗೆ, ಮಾತ್ರ ಒಂದೇ ಮಾತು ಗೊತ್ತಿರುವುದು.

ಇನ್ನೂ ಒಂದು. ಇಳಿಜಾರಿನಲ್ಲಿ ಒಂದು ಸಲ ಕರೆದವನೇ ಚಾಕ್ಲೇಟ್ ಬಾಯಿಗೆ ಹಾಕಿಕೊಂಡಿದ್ದೆ. ಆ ಸಲ ಉತ್ತರ ಬರಲಿಲ್ಲ. ನುಂಗಿದ ಮೇಲೆ ಬಂತು. ಆಗ ಏನೂ ಅನ್ನಿಸಿರಲಿಲ್ಲ.

ಕೊಟ್ಟಿಗೆಯ ಮೇಲೆ ಬೆರಳಿಟ್ಟೆ. ಶಿಲುಬೆಯಿಂದ ಎಷ್ಟು ಕೆಳಗೆ. ಒಂದು ರಾತ್ರಿ, ಅರ್ಧ ಹಗಲು, ನಾಯಿ, ಜನ, ಎಲ್ಲ ಮೇಲೆ. ನಾನು ಖಂಡಿತ ಎಂದಿದ್ದಕ್ಕೆ.

ಶ್ಟೆಫಾನ್ ರೇಡಿಯೋ ಎತ್ತಿಕೊಂಡ.

ಕತ್ತಲಾಗುವ ಮುಂಚೆ ಸಿಕ್ಕ. ಕೊಟ್ಟಿಗೆಯ ಕೆಳಗಿನ ಕೊರಕಲಿನಲ್ಲಿ, ಒಂದು ಸ್ಪ್ರೂಸ್ ಮರದ ಬುಡದ ಪೊಳ್ಳಿನಲ್ಲಿ. ಒಂದು ಸ್ಕೀಯ ಸ್ಕಿನ್ ಕಿತ್ತುಬಂದಿತ್ತು. ಸರಿಮಾಡಲು ನಿಂತಿರಬೇಕು. ಜಾರಿರಬೇಕು. ಫೋನ್ ಮೇಲೆ ದಾರಿಯಲ್ಲೇ ಬಿದ್ದಿತ್ತು. ಬೀಪರ್ ಮಾತ್ರ ಎದೆಯ ಮೇಲೆ ಎಸ್ಸಾರ್ ಎಸ್ಸಾರ್ ಎನ್ನುತ್ತಲೇ ಇತ್ತು.

ಉಸಿರಿದೆ. ಅಷ್ಟೇ ಹೇಳಿದರು.

ಫೆಬ್ರವರಿ 20, ಗುರುವಾರ

ಆಸ್ಪತ್ರೆ. ಮೈ ಬಿಸಿ ಮಾಡಿದ್ದಾರೆ. ಹೃದಯ ಸರಿಯಿದೆಯಂತೆ. ಕಾಲಿನ ಎರಡು ಬೆರಳು ಉಳಿಯಲಿಕ್ಕಿಲ್ಲ. ಔಷಧಿ ಕೊಟ್ಟು ಮಲಗಿಸಿದ್ದಾರೆ.

ನೋಡಲು ಹೋದೆ. ಗಾಜಿನ ಆಚೆಯಿಂದ. ಅಕ್ಕ ಹೊರಗೆ ಬಂದಳು.

"ನೀನು ಬೇಕಂತ ಮಾಡಿಲ್ಲ. ಗೊತ್ತು ನಂಗೆ. ಈಗ ನನ್ ಹತ್ರ ಮಾತಾಡ್ಬೇಡ ತೇಜಸ್ವಿ. ನೀನು ಬಾಯಿ ಬಿಟ್ರೆ ಅವನ ಧ್ವನಿ ಎಲ್ಲಿ ಬರುತ್ತೋ ಅಂತ ಭಯ ಆಗುತ್ತೆ."

ವಾಪಸ್ ಟ್ರೇನಿನಲ್ಲಿ ಟಿಸಿ ಟಿಕೆಟ್ ಕೇಳಿದ. ನನ್ನ ಬಾಯಿ, ಅವನ ಧ್ವನಿಯಲ್ಲಿ, ಎಸ್ಸಾರ್ ಎಂದಿತು. ಎದುರಿನ ಹೆಂಗಸು ಸೀಟು ಬದಲಾಯಿಸಿದಳು.

ಫೆಬ್ರವರಿ 23, ಭಾನುವಾರ

ಒಲೆ ನೋಡಲು ಹೋಗುವುದು ನಿಂತುಹೋಗಿದೆ. ಬಾಗಿಲೂ ಅಷ್ಟೇ. ಹಾಕಿದ್ದರೆ ಹಾಕಿದೆ.

ಈಗ ಒಂದೇ ಭಯ. ಯಾರಾದರೂ ಏನಾದರೂ ಕರೆದರೆ. ಸೂಪರ್‌ಮಾರ್ಕೆಟಿನಲ್ಲಿ ಬಿಲ್ ಹೇಳುತ್ತಾರೆ, ಬಸ್ಸಿನಲ್ಲಿ ಸ್ಟಾಪ್ ಹೇಳುತ್ತಾರೆ. ಎಲ್ಲದಕ್ಕೂ ಒಳಗಿನಿಂದ ಬರುತ್ತದೆ. ಅವನ ಒಡೆದ ಧ್ವನಿ, ಒಂದಿಷ್ಟೂ ತಪ್ಪಿಲ್ಲ. ಬಾಯಿಗೆ ಮಫ್ಲರ್ ಸುತ್ತಿಕೊಂಡು ಓಡಾಡುತ್ತೇನೆ. ಪೋಲಿಷ್ ಹುಡುಗಿ ನೆಗಡಿಯಾ ಎಂದು ಕೇಳಿದಳು. ತಲೆಯಾಡಿಸಿದೆ.

ಒಂದು ಯೋಚನೆ ಬಿಡುತ್ತಿಲ್ಲ. ಹಾಸ್ಟೆಲಿನಲ್ಲಿ ನಾನು ಉತ್ತರ ಕೊಡುವವರೆಗೆ ಅವನು ಬರುವ ಅಗತ್ಯವೇ ಇರಲಿಲ್ಲ. ಆರಾಮಾಗಿ ಗ್ಯಾರೇಜಿನಲ್ಲಿ ಇರುತ್ತಿದ್ದ. ಪ್ರಾಕ್ಸಿ ಇದ್ದಾನಲ್ಲ. ಈಗಲೂ ಎಲ್ಲೋ...

ಬರೆಯಬಾರದು ಇದನ್ನೆಲ್ಲ.

ಫೆಬ್ರವರಿ 26, ಬುಧವಾರ

ಸುಹೈಲನನ್ನು ಮಲಗಿಸಿದ್ದ ಔಷಧಿ ನಿಲ್ಲಿಸಿದ್ದಾರೆ. ಗಂಟಲ ಟ್ಯೂಬ್ ತೆಗೆದಿದ್ದಾರೆ, ತಾನೇ ಉಸಿರಾಡುತ್ತಾನೆ. ಏಳಬೇಕಿತ್ತಂತೆ. ಎದ್ದಿಲ್ಲ. ಡಾಕ್ಟರ್ ಕಾಯಬೇಕು ಎಂದರಂತೆ. ಅಕ್ಕ ಮೆಸೇಜ್ ಮಾಡಿದಳು, ನಾನು ಕೇಳಿರಲಿಲ್ಲ. ಕೊನೆಗೆ ಒಂದು ಸಾಲು -- ಮೂರು ದಿನದಿಂದ ಹೆಸರು ಹಿಡಿದು ಕರೀತಾ ಇದೀನಿ.

ಮಾರ್ಚ್ 1, ಶನಿವಾರ, ಸಂಜೆ

ಆಸ್ಪತ್ರೆ. ಅವನ ಪಕ್ಕದ ಕುರ್ಚಿ.

ಅಕ್ಕ ಮಧ್ಯಾಹ್ನ ಫೋನ್ ಮಾಡಿದ್ದಳು. ಇವತ್ತು ರಂಜಾನಿನ ಮೊದಲ ಉಪವಾಸ. ಧ್ವನಿ ಒಣಗಿತ್ತು.

"ನರ್ಸ್ ಹೇಳ್ತಾಳೆ, ನಿಮ್ಮ ಭಾಷೇಲಿ ಮಾತಾಡಿ, ಗುರುತಿರೋ ಮಾತು ಮಾತಾಡಿ ಅಂತ. ಕನ್ನಡ ಆಯ್ತು, ಉರ್ದು ಆಯ್ತು. ಅಮ್ಮಿ ಫೋನಲ್ಲಿ ಹಾಡಿದ್ಲು. ಇನಾಯಾ ಅವಳ ಜರ್ಮನ್‌ನಲ್ಲಿ ಏನೇನೋ ಬೈದ್ಲು. ಏನೂ ಇಲ್ಲ." ಆಮೇಲೆ ಮೆಲ್ಲಗೆ ಎಂದಳು, "ನೀನು ಬಂದು ಕರಿ. ನಿಮ್ಮ ಹಾಸ್ಟೆಲ್ ಥರ."

ಈಗೀಗ ಫೋನಿನಲ್ಲೂ ಬಾಯಿ ಮುಚ್ಚಿಕೊಂಡೇ ಇರುತ್ತೇನೆ.

"ಕೇಳಿಸ್ತಾ? ಕರಿ. ಆದ್ರೆ ಉತ್ತರ ಕೊಡ್ಬೇಡ. ನಿನ್ ಕಾಲಿಗೆ ಬೀಳ್ತೀನಿ, ನೀನು ಕೊಡ್ಬೇಡ. ಅವನ ಪಾಲಿಂದು ಅವನಿಗೆ ಬಿಡು."

ಈಗ ಉಪವಾಸ ಬಿಡಲು ಕಾರಿಡಾರಿಗೆ ಹೋಗಿದ್ದಾಳೆ. ಕೈಯಲ್ಲಿ ಖರ್ಜೂರದ ಡಬ್ಬಿ, ನೀರಿನ ಬಾಟಲಿ. ಬಾಗಿಲಲ್ಲಿ ನಿಂತು ನನ್ನ ಮಫ್ಲರ್ ನೋಡಿದಳು. ಮೇಜಿನ ಮೇಲೆ ನನಗೂ ಎರಡು ಖರ್ಜೂರ ಇಟ್ಟಳು. ಆಮೇಲೆ ತಿನ್ನು ಎಂದಳು.

ಸುಹೈಲನ ಮುಖ ಸಣ್ಣದಾಗಿದೆ. ತುಟಿ ಒಡೆದಿದೆ. ಗಡ್ಡ ಬಂದಿದೆ, ಅವನ ಚಿಕ್ಕಪ್ಪನ ಹಾಗೆ ಕಾಣುತ್ತಾನೆ. ಉಗುರಿನ ಸಂದಿಯಲ್ಲಿ ಗ್ರೀಸ್ ಇದೆಯೇನೋ ಎಂದು ನೋಡಿದೆ. ಇಲ್ಲ. ತೊಳೆದಿದ್ದಾರೆ.

ಟಾನ್ಸಿಲ್ ಆದ ಆ ರಾತ್ರಿಯನ್ನೇ ನೆನೆಯುತ್ತಿದ್ದೇನೆ. ಇವತ್ತು ನೀನು ಹೇಳಲ್ಲ ಅನ್ನಿಸ್ತು, ಎಂದಿದ್ದನಲ್ಲ. ಇವತ್ತೂ ಅನ್ನಿಸಲಿ ಮಗಾ. ನಾನು ಹೇಳಲ್ಲ. ಧ್ವನಿಯೇ ಇಲ್ಲ ಅಂದುಕೋ. ಹನುಮಂತರಾಯ ಮೂವತ್ತೊಂಬತ್ತಕ್ಕೆ ಬಂದಿದ್ದಾನೆ, ನಿನ್ನ ಚಾಪೆ ಖಾಲಿ ಇದೆ, ಹಾರು.

ಕರೆದೆ. ಮೂಗಿನಲ್ಲೇ, ತಲೆ ಎತ್ತದೆ. ನಲವತ್ತೊಂದು.

ತಕ್ಷಣ ಮಫ್ಲರ್ ಬಾಯೊಳಗೆ ತುರುಕಿಕೊಂಡೆ. ಎಡಗೈಯ ಎರಡು ಬೆರಳು ಗಂಟಲ ಮೇಲೆ, ಅಕ್ಕ ಇಟ್ಟ ಹಾಗೆ. ಅಲುಗಿದರೆ ಗೊತ್ತಾಗುತ್ತದೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ನಿಲ್ಲಿಸಿದರೆ ಬಾಯಿ ತೆರೆದುಬಿಡುತ್ತದೆ.

ಒಳಗಿನಿಂದ ಬರುತ್ತಿದೆ. ಮಫ್ಲರ್ ಕಚ್ಚಿದೆ. ಉಣ್ಣೆಯ ರುಚಿ. ಬಂತು... ನುಂಗಿದೆ. ಹೋಯಿತು.

ಅವನ ಕಡೆಯಿಂದ ಏನೂ ಇಲ್ಲ. ಮಷೀನಿನ ಸದ್ದು ಅಷ್ಟೇ.

ಎಷ್ಟು ಖಾಲಿ ಇದೆ ಇದು. ಕರೆದ ಮೇಲೆ ಉತ್ತರವಿಲ್ಲದ ಈ ಜಾಗ. ಇದನ್ನು ನಾನು ಯಾವತ್ತೂ ಕೇಳಿಸಿಕೊಂಡೇ ಇರಲಿಲ್ಲ. ಖಾಲಿ ಬೀಳುವ ಮೊದಲೇ ತುಂಬಿಬಿಡುತ್ತಿದ್ದೆ.

ಮಫ್ಲರ್ ತೆಗೆದೆ. ಇನ್ನೊಮ್ಮೆ. ನಲವತ್ತೊಂದು.

ತುರುಕಿಕೊಂಡೆ. ಬೆರಳು ಗಂಟಲ ಮೇಲೆಯೇ ಇದೆ. ಒತ್ತಿ ಹಿಡಿದಿದ್ದೇನೆ. ಅಲುಗುತ್ತಿಲ್ಲ.

ಅಲುಗುತ್ತಿಲ್ಲ. ನಾನಲ್ಲ. ನಾನಲ್ಲ, ಆದರೂ ಮಂಚದ ಕಡೆಯಿಂದ ಕೇಳಿಸಿತು, ಎಸ್ಸಾ